ಬರ್ಗೆನ್‌ನಲ್ಲಿ ಕೇಳಿದ ಮೊಮ್ಮಕ್ಕಳ ಕಥೆ

ನಾವು ನಾರ್ವೆಗೆ ಹೋದದ್ದು ಫ್ಯೋರ್ಡ್‌ಗಳನ್ನು, ಅಂದರೆ ಬೆಟ್ಟಗಳ ನಡುವೆ ಒಳಕ್ಕೆ ಚಾಚಿದ ಸಮುದ್ರದ ಕಿರಿದಾದ ತೋಳುಗಳನ್ನು ನೋಡೋಕೆ. ನಾಲ್ಕು ದಿನ ನೋಡಿದೆವು. ಚೆನ್ನಾಗಿವೆ, ಫೋಟೋದಲ್ಲಿ ಇರುವ ಹಾಗೇ. ಬರೆಯಬೇಕು ಅನ್ನಿಸಿದ್ದು ಮಾತ್ರ ಬರ್ಗೆನ್ ಪೇಟೆಯ ಹಳೇ ಕುಷ್ಠರೋಗ ಆಸ್ಪತ್ರೆ ಸೇಂಟ್ ಯೋರ್ಗೆನ್ ಬಗ್ಗೆ. ಈಗ ಅದು ಮ್ಯೂಸಿಯಂ.

ಮೊದಲ ದಿನ ಸಂಜೆ ಹೋಗಿ, ಮುಚ್ಚಿದ ಬಾಗಿಲು ನೋಡಿಕೊಂಡು ನೆನೆದು ವಾಪಸ್ ಬಂದೆವು. ಹೊಸ ಕೊಡೆ ಒಂದೇ ಗಾಳಿಗೆ ಮಗುಚಿ ಕಡ್ಡಿ ಮುರಿಯಿತು. ಬರ್ಗೆನ್‌ಗೆ ಹೋಗುವವರು ಮಳೆಕೋಟು ಒಯ್ಯಿರಿ. ಮ್ಯೂಸಿಯಂ ತೆರೆಯುವ ಸಮಯ ಮೊದಲೇ ನೋಡಿಕೊಳ್ಳಿ.

ಕಟ್ಟಡ ಮರದ್ದು, 1702ರ ಬೆಂಕಿಯ ನಂತರ ಕಟ್ಟಿದ್ದು. ಸುತ್ತ ಪುಟ್ಟ ಪುಟ್ಟ ಕೋಣೆಗಳು. ಮಂಚ ಬಿಟ್ಟರೆ ಕಾಲಾಡಿಸಲೂ ಜಾಗವಿಲ್ಲ. ರೋಗಿಗಳು ಅಡುಗೆ ತಾವೇ ಮಾಡಿಕೊಳ್ಳುತ್ತಿದ್ದರಂತೆ. ಇಲ್ಲಿದ್ದ ಕೊನೆಯ ಇಬ್ಬರು ತೀರಿಕೊಂಡದ್ದು 1946ರಲ್ಲಿ.

ಗೈಡ್ ಹಿರಿಯ ಹೆಂಗಸು. ನನ್ನ ಹೆಂಡತಿ ಕೇಳಿದಳು, "ಮಕ್ಕಳ ವಿಷಯದಲ್ಲಿ ಜನ ಏನಂದುಕೊಂಡಿದ್ದರು?" ಆಕೆ ಕುರ್ಚಿ ಎಳೆದುಕೊಂಡು ಕೂತರು. ಒಂದು ಗಂಟೆ ಅಲ್ಲೇ ಹೋಯಿತು.

ಮುಟ್ಟಿನ ದಿನಗಳಲ್ಲಿ ಗರ್ಭ ನಿಂತರೆ ಹುಟ್ಟುವ ಮಗುವಿಗೆ ಕುಷ್ಠ ಬರುತ್ತದೆ ಅಂತ ಮಧ್ಯಯುಗದ ಯುರೋಪಿನಲ್ಲಿ ನಂಬಿಕೆ ಇತ್ತಂತೆ. ತಪ್ಪೆಲ್ಲ ಬಸುರಿಯ ತಲೆಗೆ! ಆಮೇಲೆ 1847ರಲ್ಲಿ ಇದೇ ಊರಿನ ಡಾಕ್ಟರ್ ಡಾನಿಯೆಲ್ಸೆನ್, ಇನ್ನೊಬ್ಬ ಡಾಕ್ಟರ್ ಬೋಕ್ ಜೊತೆ ಸೇರಿ ಪುಸ್ತಕ ಬರೆದು, ಇದು ವಂಶದಲ್ಲಿ ಬರುವ ರೋಗ ಅಂದರು. ಹಾಗಾದರೆ ರೋಗಿಗಳು ಮದುವೆಯೇ ಆಗಬಾರದು ಅಂತ ಕಾನೂನು ಮಾಡುವ ಪ್ರಸ್ತಾಪವೂ ಬಂತು. ಸಂಸತ್ತು ಒಪ್ಪಲಿಲ್ಲ, ಸದ್ಯ.

1873ರಲ್ಲಿ ರೋಗಾಣು ಕಂಡುಹಿಡಿದ ಹ್ಯಾನ್ಸೆನ್, ಡಾನಿಯೆಲ್ಸೆನ್‌ರ ಅಳಿಯ. ಊಟದ ಮೇಜಿನಲ್ಲಿ ಮಾವ ಅಳಿಯ ಏನು ಮಾತಾಡಿಕೊಂಡಿರಬಹುದು ಅಂತ ನನಗೆ ಕುತೂಹಲ. ಈ ಹ್ಯಾನ್ಸೆನ್ ಸಾಧುವೇನಲ್ಲ. ರೋಗಿ ಹೆಂಗಸೊಬ್ಬಳ ಕಣ್ಣಿಗೆ, ಅವಳನ್ನು ಕೇಳದೆಯೇ ಸೂಜಿ ಚುಚ್ಚಿ ಪ್ರಯೋಗ ಮಾಡಿದ್ದಕ್ಕೆ 1880ರಲ್ಲಿ ಕೋರ್ಟು ಆಸ್ಪತ್ರೆಯ ಕೆಲಸದಿಂದ ತೆಗೆಯಿತು. ಸರಿಯಾಗೇ ಆಯಿತು.

"1888ರ ಹೊತ್ತಿಗೆ ಅಮೆರಿಕಕ್ಕೂ ಹೋಗಿದ್ದ," ಅಂದರು ಗೈಡ್.

"ಅಷ್ಟು ದೂರ ಯಾಕೆ?"

"ಮೊಮ್ಮಕ್ಕಳನ್ನು ನೋಡೋಕೆ. ಬೇರೆಯವರ ಮೊಮ್ಮಕ್ಕಳನ್ನು."

ಕುಷ್ಠವಿದ್ದ ಎಷ್ಟೋ ನಾರ್ವೆಯವರು ಮಿನ್ನೆಸೋಟಾ, ವಿಸ್ಕಾನ್ಸಿನ್ ಕಡೆ ವಲಸೆ ಹೋಗಿದ್ದರು. ರೋಗ ರಕ್ತದಲ್ಲೇ ಇದ್ದರೆ ಅವರ ಮಕ್ಕಳು ಮರಿಗಳಲ್ಲಿ ಕಾಣಬೇಕಲ್ವಾ? ಹ್ಯಾನ್ಸೆನ್ ಹುಡುಕಿಕೊಂಡು ಹೋಗಿ ನೋಡಿದ. ಅವನು ನೋಡಿದ ಒಬ್ಬರಲ್ಲೂ ಇರಲಿಲ್ಲ.