ಆರು ನಿಮಿಷದ ನಡಿಗೆ

ನಮ್ಮ ಬೀದಿಯಲ್ಲಿ ಎಂಟು ಮನೆ, ಬೆರಳಿಗೆ ಸಿಕ್ಕಿಸಿ ರಕ್ತದ ಆಕ್ಸಿಜನ್ ನೋಡೋ ಆಕ್ಸಿಮೀಟರ್ ಒಂದೇ. 2021ರ ಮೇ ತಿಂಗಳ ಮಾತು, ಕೋವಿಡ್‌ನ ಎರಡನೇ ಅಲೆ. ಮೈಸೂರಿನ ವಿದ್ಯಾರಣ್ಯಪುರಂನಲ್ಲಿ ನಾವು ಬಾಡಿಗೆಗೆ ಇದ್ದೆವು. ಏಪ್ರಿಲ್‌ನಲ್ಲಿ ಎಲ್ಲರೂ ‘ಬೇಕಾದಾಗ ತಗೊಂಡ್ರಾಯ್ತು’ ಅಂದುಕೊಂಡು ಸುಮ್ನೆ ಇದ್ದುಬಿಟ್ಟೆವು. ಬೇಕಾದಾಗ ಯಾವ ಮೆಡಿಕಲ್ ಸ್ಟೋರ್‌ನಲ್ಲೂ ಸಿಗಲಿಲ್ಲ. ಕೊನೆಗೆ ಮೂಲೆಮನೆ ಮೇಷ್ಟ್ರು ಎಲ್ಲಿಂದಲೋ 2,800 ರೂಪಾಯಿಗೆ ಒಂದು ಹುಡುಕಿ ತಂದರು. ಡಬ್ಬಿಯ ಮೇಲೆ ಹೆಸರೇ ಕೇಳಿರದ ಕಂಪನಿ. ಮನೆಗೆ 350ರಂತೆ ಹಂಚಿಕೊಂಡೆವು.

ಅದು ಒಂದು ಹೂಬುಟ್ಟಿಯಲ್ಲಿ ಓಡಾಡುತ್ತಿತ್ತು. ಬುಟ್ಟಿಯಲ್ಲಿ ಆಕ್ಸಿಮೀಟರ್, ಸ್ಯಾನಿಟೈಸರ್, ಹತ್ತಿ, ಜೊತೆಗೆ ನನ್ನ ಮಗನ ನೋಟ್‌ಬುಕ್. ಸ್ಕೂಲ್ ಆನ್‌ಲೈನ್ ಆಗಿದ್ದರಿಂದ ಅವನ ನೋಟ್‌ಬುಕ್‌ಗಳೆಲ್ಲ ಖಾಲಿ ಬಿದ್ದಿದ್ದವು. ಮೇಷ್ಟ್ರೇ ಸ್ಕೇಲ್ ಇಟ್ಟು ಗೆರೆ ಹಾಕಿ, ಮನೆಗೊಂದು ಪುಟ ಮಾಡಿದ್ದರು. ದಿನಾಂಕ, ಹೊತ್ತು, ಆಕ್ಸಿಜನ್, ನಾಡಿ, ಜ್ವರ. ಒಬ್ಬರು ಒರೆಸಿ ಗೇಟಿಗೆ ನೇತು ಹಾಕಿದರೆ ಪಕ್ಕದವರು ಬಂದು ತಗೊಂಡು ಹೋಗಬೇಕು. ನಮ್ಮ ಹೊತ್ತು ಬೆಳಿಗ್ಗೆ ಆರರಿಂದ ಏಳು.

ಮೇಷ್ಟ್ರ ಪುಟ ಅಚ್ಚುಕಟ್ಟಾಗಿತ್ತು. 96, 95, 95, 96, 95. ಎಲ್ಲವೂ ಕುರ್ಚಿಯಲ್ಲಿ ಕೂತು ನೋಡಿದ್ದು. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು ಬರುತ್ತಿತ್ತಂತೆ. ಅದನ್ನು ಬರೆಯೋಕೆ ಅವರು ಹಾಕಿದ ಗೆರೆಗಳಲ್ಲಿ ಜಾಗ ಇರಲಿಲ್ಲ. ಅವರ ಪುಟ ಮೇ 11ರ ಬೆಳಿಗ್ಗೆಗೆ ನಿಂತಿದೆ.

ಅದಾದ ವಾರಕ್ಕೆ ನಮ್ಮ ಮನೆಯ ಸರದಿ.

ಅತ್ತೆಗೆ ಆಗ ಐವತ್ತೆಂಟು, ಶುಗರ್ ಇತ್ತು. ಏಪ್ರಿಲ್‌ನಲ್ಲಿ ಮೊದಲ ಡೋಸ್ ಕೋವಿಶೀಲ್ಡ್ ಲಸಿಕೆ ಹಾಕಿಸಿದ್ದೆವು. ಎರಡನೆಯದಕ್ಕೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿದ್ದ ದಿನ ಬರೋದರೊಳಗೆ, ಎರಡು ಡೋಸಿನ ಮಧ್ಯೆ 12ರಿಂದ 16 ವಾರ ಇರಬೇಕು ಅಂತ ಹೊಸ ಆದೇಶ ಬಂತು. ಸುತ್ತು ಅಳಿಸಿದೆ. ಅಳಿಸಿದ ಮೂರನೇ ದಿನಕ್ಕೆ ಜ್ವರ. ಗಂಟಲು ದ್ರವ ಕೊಟ್ಟು ಬಂದೆವು. ಮೊಬೈಲಿಗೆ ಎಸ್‌ಆರ್‌ಎಫ್ ನಂಬರಿನ, ಅಂದರೆ ಆ ಟೆಸ್ಟಿನ ಗುರುತಿನ ನಂಬರಿನ, ಮೆಸೇಜ್ ಬಂತು, ಆಮೇಲೆ ಪಾಸಿಟಿವ್ ಅಂತ ಇನ್ನೊಂದು.

ಹಿಂದಿನ ಕೋಣೆ ಅವರಿಗೆ ಬಿಟ್ಟೆವು. ಬಾಗಿಲ ಹತ್ತಿರ ಒಂದು ಸ್ಟೂಲ್. ಅದರ ಮೇಲೆ ತಿಂಡಿ ಇಟ್ಟು ನಾನು ಹಿಂದೆ ಸರಿಯಬೇಕು, ಆಮೇಲೆ ಅವರು ಬಂದು ತಗೊಳ್ಳಬೇಕು. ತಟ್ಟೆ, ಲೋಟ ಅವರೇ ತೊಳೆದುಕೊಳ್ಳಬೇಕು. ಮಡಿ ಮೈಲಿಗೆ ಅಂತ ಜೀವಮಾನವಿಡೀ ನಮ್ಮನ್ನು ದೂರ ನಿಲ್ಲಿಸಿದವರು ಈಗ ಸ್ಟೂಲಿನ ಆ ಕಡೆ ನಿಂತು ‘ಚೆನ್ನಾಗಿದೆ ಕಣೆ ಇದು’ ಅಂತ ನಗುತ್ತಿದ್ದರು. ಸೆರಗಿನ ತುದಿಯಲ್ಲಿ ಒಂದು ಗಂಟು. ಕರ್ಪೂರ, ಓಮ, ಲವಂಗ. ಮೂಸುತ್ತಿದ್ದರೆ ಆಕ್ಸಿಜನ್ ಏರುತ್ತೆ ಅಂತ ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ್ದು. ಮೂಗಿಗೆ ನಿಂಬೆರಸ ಬಿಡೋದಕ್ಕೆ ಮಾತ್ರ ನಾನು ಒಪ್ಪಲಿಲ್ಲ.

ಆರನೇ ದಿನ ಬೆಳಿಗ್ಗೆ ಆರೂಕಾಲು. ಅತ್ತೆ ಲೋಟ ತೊಳೆದಿಟ್ಟು, ಬುಟ್ಟಿ ಏಳಕ್ಕೆ ಹೋಗಿಬಿಡುತ್ತೆ ಅನ್ನೋ ಗಡಿಬಿಡಿಯಲ್ಲಿ ಬೆರಳಿಗೆ ಸಿಕ್ಕಿಸಿಕೊಂಡರು. 87.

86 ಬಂದಿದ್ದರೆ ತಿರುಗಿಸಿ ನೋಡಬಹುದಿತ್ತು. 98 ತಲೆಕೆಳಗಾದರೆ 86 ಅಂತಲೇ ಕಾಣುತ್ತೆ. ಪಕ್ಕದ ಮನೆಯವರು ಹಾಗೆ ಓದಿಕೊಂಡು ಒಮ್ಮೆ ಬೀದಿಯನ್ನೇ ಎಬ್ಬಿಸಿದ್ದರು. 87ನ್ನು ಹೇಗೆ ತಿರುಗಿಸಿದರೂ ಏನೂ ಸಿಗಲ್ಲ.

ನಮ್ಮವರು ಫೋನ್ ಹಿಡಿದು ಬೆಡ್ ಹುಡುಕೋಕೆ ಕೂತರು. ಒಂದು ಕಡೆ ರಿಂಗ್ ಆಗಿ ಆಗಿ ಕಟ್ ಆಯಿತು. ಇನ್ನೊಂದು ಕಡೆ ‘ಸಂಜೆ ಮಾಡಿ ಸಾರ್’. ನನಗೆ ಏನೂ ತೋಚದೆ ನಮ್ಮ ವಾರ್ಡಿನ ಆರೋಗ್ಯ ನೋಡಿಕೊಳ್ಳುವ ಆಶಾ ಕಾರ್ಯಕರ್ತೆಗೆ, ನಾವೆಲ್ಲ ಕರೆಯುತ್ತಿದ್ದ ಆಶಾ ಅಕ್ಕನಿಗೆ, ಫೋನ್ ಮಾಡಿದೆ. ಅಷ್ಟು ಬೆಳಿಗ್ಗೆ ಎತ್ತುತ್ತಾರೆ ಅನ್ನೋ ನಂಬಿಕೆ ಇರಲಿಲ್ಲ. ಒಂದೇ ರಿಂಗಿಗೆ ಎತ್ತಿದರು.

“ಅಮ್ಮ ಮಾತಾಡ್ತಿದ್ದಾರಾ? ಒಂದು ಮಾತು ಪೂರ್ತಿ ಹೇಳೋಕಾಗ್ತಿದ್ಯಾ, ಮಧ್ಯ ಉಸಿರು ತಗೋತಾರಾ?”

ಒಳಗಿಂದ ಅತ್ತೆ, “ಯಾರೇ ಅದು ಬೆಳ್ಬೆಳಿಗ್ಗೆ ಫೋನು, ಹಾಲು ಉಕ್ಕೋಗುತ್ತೆ ಒಲೆ ಕಡೆ ನೋಡು ಮೊದ್ಲು” ಅಂತ ಒಂದೇ ಉಸಿರಲ್ಲಿ ಕೂಗಿದರು.

“ಕೇಳಿಸ್ತು ಬಿಡಿ,” ಅಂದರು ಆಶಾ ಅಕ್ಕ. “ತುಟಿ, ಉಗುರು ನೀಲಿ ಆಗಿದ್ಯಾ ನೋಡಿ. ಕೈ ತಣ್ಣಗಿದ್ಯಾ?”

ಕೈ ತಣ್ಣಗಿರದೆ ಇನ್ನೇನು. ಈಗಷ್ಟೇ ನಲ್ಲಿ ನೀರಲ್ಲಿ ಪಾತ್ರೆ ತೊಳೆದಿದ್ದಾರೆ, ತಲೆ ಮೇಲೆ ಫ್ಯಾನು ಜೋರಾಗಿ ತಿರುಗುತ್ತಿದೆ. ಆಶಾ ಅಕ್ಕ ಹೇಳಿದಂತೆ ಫ್ಯಾನ್ ಆಫ್ ಮಾಡಿಸಿದೆ. ಕೈ ಒರೆಸಿಕೊಂಡು, ಎರಡೂ ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಐದು ನಿಮಿಷ ಸುಮ್ನೆ ಕೂರಬೇಕು. ಉಗುರಿಗೆ ಬಣ್ಣ, ಗೋರಂಟಿ ಇರಬಾರದು. ತೋರುಬೆರಳು ಇಲ್ಲವೇ ನಡುಬೆರಳು. ಕೈ ಎದೆಯ ಮಟ್ಟಕ್ಕೆ ಇಟ್ಟುಕೊಂಡು ಅಲುಗಾಡದೆ ಕೂತಿರಬೇಕು. ಮೊದಲು ಬಂದ ಅಂಕಿ ನೋಡಿ ಕಿತ್ತುಬಿಡಬಾರದು, ಅದು ಒಂದು ಕಡೆ ನಿಲ್ಲೋವರೆಗೆ ಕಾಯಬೇಕು. ಇಷ್ಟು ದಿನ ಎಂಟು ಮನೆಯವರೂ ಬುಟ್ಟಿ ಬಂದ ತಕ್ಷಣ ಸಿಕ್ಕಿಸಿ, ಬರೆದು, ಕಳಿಸಿಬಿಡುತ್ತಿದ್ದೆವು. ಯಂತ್ರ ತಂದಿದ್ದೆವು, ನೋಡೋದು ಹೇಗೆ ಅಂತ ಯಾರೂ ಯಾರನ್ನೂ ಕೇಳಿರಲಿಲ್ಲ.

89 ಆಯಿತು. 92. ಒಂದು ಸಲ ಗೆರೆ ಮಾತ್ರ ಬಂತು. ಆಮೇಲೆ 95ಕ್ಕೆ ಬಂದು ನಿಂತಿತು.

ನಾನು ಉಸ್ಸಪ್ಪಾ ಅಂದೆ. ಆಶಾ ಅಕ್ಕ ಬಿಡಲಿಲ್ಲ. “ಈಗ ನಡೆಸಿ. ಆರು ನಿಮಿಷ.”

“ಜ್ವರ ಬಂದವರನ್ನ ನಡೆಸೋದಾ?”

“ಕೂತಾಗ ಸರಿಯಾಗೇ ಇರುತ್ತೆ ಮೇಡಂ, ನಡೆದಾಗ ಗೊತ್ತಾಗುತ್ತೆ. ಅರವತ್ತು ದಾಟಿದ್ರೆ ಮೂರು ನಿಮಿಷ ಸಾಕು. ಅಮ್ಮಂಗೆ ಆಗಿಲ್ವಲ್ಲ. ತಲೆ ಸುತ್ತಿದ್ರೆ, ಉಸಿರು ಸಿಕ್ಕಿಲ್ಲ ಅಂದ್ರೆ ತಕ್ಷಣ ನಿಲ್ಲಿಸಿ.”

ಮೇಷ್ಟ್ರ ಪುಟ ಕಣ್ಣ ಮುಂದೆ ಬಂತು. ಮಾತಾಡಲಿಲ್ಲ.

ಅತ್ತೆಯ ಕೋಣೆಯಿಂದ ಹಿತ್ತಿಲ ಬಾಗಿಲಿಗೆ ಹದಿನಾಲ್ಕು ಹೆಜ್ಜೆ. ನಾವು ಮೂರು ಜನ ಮಾಸ್ಕ್ ಹಾಕಿಕೊಂಡು ಹಿತ್ತಿಲಲ್ಲಿ ನಿಂತೆವು. ಮಗ ಮೊಬೈಲಿನಲ್ಲಿ ಟೈಮರ್ ಹಾಕಿದ. ಅತ್ತೆ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು, ಸೆರಗು ಸೊಂಟಕ್ಕೆ ಕಟ್ಟಿ ಹೊರಟರು. “ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವಳು ನಾನು,” ಅಂದರು ಮೊದಲ ಸುತ್ತಿನಲ್ಲಿ. ಮೂರನೇ ನಿಮಿಷಕ್ಕೆ ಮಾತು ನಿಂತಿತು. ಚಪ್ಪಲಿ ಸದ್ದು ಮಾತ್ರ. ಆರು ನಿಮಿಷ ಇಷ್ಟು ಉದ್ದ ಅಂತ ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ. ಮಗ ಟೈಮರನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದ, ಯಾರೂ ನೋಡಬಾರದು ಅನ್ನೋ ಹಾಗೆ.

94.

“94ಕ್ಕಿಂತ ಕೆಳಗೆ ಬಂದ್ರೆ, ಇಲ್ಲಾ ಮೂರಕ್ಕಿಂತ ಜಾಸ್ತಿ ಇಳಿದ್ರೆ ಆಸ್ಪತ್ರೆ,” ಅಂದರು ಆಶಾ ಅಕ್ಕ. “ಅಮ್ಮ ಅಂಚಲ್ಲಿದ್ದಾರೆ. ಕೋವಿಡ್ ಮಿತ್ರಕ್ಕೆ ಕರ್ಕೊಂಡು ಬನ್ನಿ, ಡಾಕ್ಟ್ರು ನೋಡ್ಲಿ.”

ಕೋವಿಡ್ ಮಿತ್ರ ಅಂತ ಮೈಸೂರಿನಲ್ಲಿ ಆಗ ತಾನೇ ಶುರುವಾಗಿತ್ತು. ಲಕ್ಷಣ ಇರುವವರು ರಿಪೋರ್ಟ್‌ಗೆ ಕಾಯದೆ ಹೋದರೂ ಡಾಕ್ಟರ್ ನೋಡಿ ಮಾತ್ರೆ ಕೊಡುತ್ತಿದ್ದರು. ಲಾಕ್‌ಡೌನ್ ಬೇರೆ. ಅಂಗಡಿ ಮುಂಗಟ್ಟು ಬೆಳಿಗ್ಗೆ ಆರರಿಂದ ಹತ್ತು, ಆಮೇಲೆ ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಸ್ಕೂಟರಿನಲ್ಲಿ ನಮ್ಮವರು ಅತ್ತೆಯನ್ನು ಕೂರಿಸಿಕೊಂಡು ಹೊರಟರೆ ಬ್ಯಾರಿಕೇಡ್ ಹತ್ತಿರ ಪೊಲೀಸರು ತಡೆದರಂತೆ. ಮೊಬೈಲಿನ ಪಾಸಿಟಿವ್ ಮೆಸೇಜ್ ತೋರಿಸಿದ್ದೇ ಎರಡು ಹೆಜ್ಜೆ ಹಿಂದೆ ಸರಿದು ‘ಹೋಗಿ, ಹೋಗಿ’ ಅಂದರಂತೆ.

ಡಾಕ್ಟರ್ ಶುಗರ್ ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿದರು, ಜ್ವರದ ಮಾತ್ರೆ ಬರೆದರು. ಆಗ ನಮ್ಮವರು ಜೇಬಿನಿಂದ ಒಂದು ಸ್ಟ್ರಿಪ್ ತೆಗೆದು ‘ಇದನ್ನೂ ಕೊಡಬಹುದಾ’ ಅಂತ ಕೇಳಿದರಂತೆ. ನನಗೆ ಗೊತ್ತೇ ಇರಲಿಲ್ಲ. ಯಾರದೋ ಪ್ರಿಸ್ಕ್ರಿಪ್ಶನ್ ಫೋಟೋ ಅವರ ಆಫೀಸ್ ಗ್ರೂಪಿನಲ್ಲಿ ಬಂದಿತ್ತು, ಅದನ್ನು ತೋರಿಸಿ ಮೆಡಿಕಲ್ ಸ್ಟೋರ್‌ನಲ್ಲಿ ತಂದಿಟ್ಟುಕೊಂಡಿದ್ದರು. ಅದು ಸ್ಟೀರಾಯ್ಡ್. ಡಾಕ್ಟರ್ ಸ್ಟ್ರಿಪ್ ಕಿತ್ತುಕೊಂಡರು. ಆಕ್ಸಿಜನ್ ಸರಿ ಇರೋವಾಗ ಇದು ಬೇಡವೇ ಬೇಡ, ಶುಗರ್ ಇರೋರಿಗೆ ಇನ್ನೂ ಅಪಾಯ, ಬ್ಲ್ಯಾಕ್ ಫಂಗಸ್ ಸುದ್ದಿ ಪೇಪರಲ್ಲಿ ಓದ್ತಿಲ್ವಾ ಅಂತ ಚೆನ್ನಾಗಿ ಬೈದು ಕಳಿಸಿದರು. ಆ ಬೈಗುಳಕ್ಕೆ ನಾನು ಇವತ್ತಿಗೂ ಋಣಿ.

ಮಧ್ಯಾಹ್ನ ಆಶಾ ಅಕ್ಕ ಗೇಟಿನ ಹತ್ತಿರ ಬಂದರು. ಗುಲಾಬಿ ಸೀರೆ, ಮುಖಕ್ಕೆ ಶೀಲ್ಡ್, ಒಳಗೆ ಮಾಸ್ಕ್, ಬೆವರು ಕುತ್ತಿಗೆಗೆ ಇಳಿಯುತ್ತಿತ್ತು. ನೀರು ಕೊಟ್ಟರೆ ಬೇಡ ಅಂದರು. ಕುಡಿಯೋಕೆ ಮಾಸ್ಕ್ ತೆಗೆಯಬೇಕಲ್ಲ. ಹಿಂದಿನ ವರ್ಷ ಜುಲೈನಲ್ಲಿ ತಿಂಗಳಿಗೆ 12,000 ಗೌರವಧನ ಕೊಡಿ ಅಂತ ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿದ್ದರು. ‘ಇಂಥ ಹೊತ್ತಲ್ಲಿ ಮುಷ್ಕರ ಬೇಕಿತ್ತಾ’ ಅಂದವರಲ್ಲಿ ನಾನೂ ಒಬ್ಬಳು. ಗೇಟಿನ ಈ ಕಡೆ ನಿಂತು ಅದು ನೆನಪಾಗಿ ಮುಖ ತಗ್ಗಿಸಿದೆ.

ಅತ್ತೆ ಕಿಟಕಿಯಿಂದ ಸೆರಗಿನ ಗಂಟು ತೋರಿಸಿ, “ಇದನ್ನ ಮೂಸಬಹುದೇನಮ್ಮಾ?” ಅಂದರು.

“ಮೂಸಿ ಅಮ್ಮ, ಮೂಗು ಬಿಟ್ಟಂಗೆ ಅನ್ಸುತ್ತೆ. ಆದ್ರೆ ನಂಬರ್ ಅದ್ರಿಂದ ಏರಲ್ಲ. ಬೋರಲು ಮಲಗಿ, ಅದ್ರಿಂದ ಏರುತ್ತೆ.”

ರಾತ್ರಿ ಹನ್ನೊಂದಕ್ಕೆ ಆ ಮಾತು ಬೇಕಾಯಿತು. ಆವತ್ತು ಬುಟ್ಟಿಯನ್ನು ಯಾರೂ ಕೇಳಲಿಲ್ಲ, ರಾತ್ರಿಯಿಡೀ ನಮ್ಮಲ್ಲೇ ಇರಲಿ ಅಂದಿದ್ದರು. ಕೈ ಬೆಚ್ಚಗಿತ್ತು, ಫ್ಯಾನ್ ಇರಲಿಲ್ಲ, ಅಂಕಿ ನಿಂತಿತ್ತು. 93. ಆರೋಗ್ಯ ಸಹಾಯವಾಣಿ 104ಕ್ಕೆ ಮಾಡಿದೆವು. ಆ ಕಡೆಯಿಂದ ಒಬ್ಬ ಹೆಣ್ಣುಮಗಳು ಎಲ್ಲ ಕೇಳಿಕೊಂಡು, ಈಗಲೇ ಬೋರಲು ಮಲಗಿಸಿ, ಅರ್ಧ ಗಂಟೆಗೆ ನೋಡಿ, ಏರದಿದ್ದರೆ 108ಕ್ಕೆ ಮಾಡಿಬಿಡಿ ಅಂದರು. ಕತ್ತಿನ ಕೆಳಗೆ ಒಂದು ದಿಂಬು, ಎದೆಯಿಂದ ತೊಡೆಯವರೆಗೆ ಎರಡು, ಮೊಣಕಾಲಿನಿಂದ ಪಾದದವರೆಗಿನ ಕಾಲಿನ ಅಡಿಗೆ ಎರಡು. ನಮ್ಮ ಮನೆಯಲ್ಲಿದ್ದದ್ದು ನಾಲ್ಕೇ ದಿಂಬು. ಐದನೆಯದಕ್ಕೆ ಚೀಲದಲ್ಲಿ ಹಳೇ ಸೀರೆ ತುಂಬಿದೆ. ಅತ್ತೆಗೆ ಬೋರಲು ಮಲಗಿ ಅಭ್ಯಾಸವೇ ಇಲ್ಲ. “ಮಗು ಥರ ಮಾಡಿದ್ರಲ್ಲೇ ನನ್ನ,” ಅಂತ ದಿಂಬಿನೊಳಗಿಂದ ಗೊಣಗಿದರು.

ನಮ್ಮವರು ಬಾಗಿಲಲ್ಲಿ ಗೋಡೆಗೆ ಒರಗಿ ಕೂತರು. ಬಟ್ಟೆಬರೆ ತುಂಬಿದ ಬ್ಯಾಗ್ ಪಕ್ಕದಲ್ಲೇ. ಅರ್ಧ ಗಂಟೆಗೆ 94. ಒಂದು ಗಂಟೆಗೆ 95. ಎಡಮಗ್ಗುಲು, ಬಲಮಗ್ಗುಲು, ಮತ್ತೆ ಬೋರಲು. ನಾಲ್ಕೂವರೆಗೆ 96. ಅತ್ತೆ ಕಣ್ಣು ಬಿಟ್ಟು, “ಬೋರಲು ಮಲ್ಕೊಂಡು ಕಾಫಿ ಕುಡಿಯೋದು ಹೇಗೇಂತ ಆ ಹುಡುಗೀನ ಕೇಳೇ,” ಅಂದರು.

ಏಳಕ್ಕೆ ಸರಿಯಾಗಿ ಎಲ್ಲ ಒರೆಸಿ ಬುಟ್ಟಿಯನ್ನು ಗೇಟಿಗೆ ನೇತು ಹಾಕಿದೆ. ಅದಕ್ಕೂ ಮುಂಚೆ ಮೇಷ್ಟ್ರು ಹಾಕಿದ್ದ ಗೆರೆಗಳ ಪಕ್ಕ ಪ್ರತಿ ಪುಟದಲ್ಲೂ ಇನ್ನೊಂದು ಗೆರೆ ಎಳೆದು ‘ನಡೆದ ಮೇಲೆ’ ಅಂತ ಬರೆದಿದ್ದೆ. ಎದುರು ಮನೆ ಹುಡುಗ ಬಂದು ತಗೊಂಡು ಹೋದ. ಅವನ ತಂದೆಗೆ ಆವತ್ತು ನಾಲ್ಕನೇ ದಿನ. ಸ್ವಲ್ಪ ಹೊತ್ತಿಗೆ ಅವರ ಹಾಲ್‌ನ ಕಿಟಕಿಯಿಂದ ಚಪ್ಪಲಿ ಸದ್ದು ಕೇಳಿಸತೊಡಗಿತು. ಹೋಗುತ್ತಿತ್ತು, ತಿರುಗುತ್ತಿತ್ತು, ಬರುತ್ತಿತ್ತು. ನಾನು ಗೇಟ್ ಹಿಡಿದುಕೊಂಡು ಗಡಿಯಾರ ನೋಡುತ್ತ ನಿಂತೆ.