ಐದು ನಿಮಿಷ ಆಯ್ತಮ್ಮಾ!

ಮಂಗಳವಾರ ರಾತ್ರಿ ಏಳೂವರೆಗೆ ಮನೆ ಸೇರಿದೆ. 'ಇಪ್ಪತ್ತೇ ನಿಮಿಷದಲ್ಲಿ ಊಟ' ಅನ್ನುವ ರೆಸಿಪಿಯೊಂದನ್ನು ಎತ್ತಿಟ್ಟುಕೊಂಡಿದ್ದೆ. ಮೊದಲು ಕಂದು ಬಣ್ಣಕ್ಕೆ ಹುರಿದ ಈರುಳ್ಳಿ ಹರಡಿದ ಬ್ರೆಡ್ಡು, ಆಮೇಲೆ ಅದೇ ಬಾಣಲೆಯಲ್ಲಿ ಅಣಬೆ, ಮೊಟ್ಟೆ. ಅಷ್ಟೇ.

'ಸಣ್ಣ ಉರಿಯಲ್ಲಿ ಈರುಳ್ಳಿ ಕಂದು ಬಣ್ಣಕ್ಕೆ ಬರುವವರೆಗೆ ಹುರಿಯಿರಿ, 5 ನಿಮಿಷ' ಎಂದಿತ್ತು. ಎಂಟು ವರ್ಷದ ಮಗಳು ಗಡಿಯಾರದ ಮುಂದೆ ಕೂತಳು.

"ಐದು ನಿಮಿಷ ಆಯ್ತಮ್ಮಾ!"

ಬಗ್ಗಿ ನೋಡಿದೆ. ಈರುಳ್ಳಿ ಬೆಳ್ಳಗೆ ಬೆವರುತ್ತಾ ಕೂತಿತ್ತು. ಇನ್ನೈದು ನಿಮಿಷಕ್ಕೆ ಮತ್ತೆ ಅದೇ ಕೂಗು. ಮೂರನೇ ಸಲಕ್ಕೆ ನನಗೆ ರೇಗಿತು. ಉರಿ ಜೋರು ಮಾಡಿದೆ. ಅಂಚು ಕರಕಲು, ನಡುವೆ ಹಸಿ.

"ಐದೇ ನಿಮಿಷ ಅಂತಿತ್ತಲ್ವಾ?" ಎಂದರು ನಮ್ಮನೆಯವರು, ಫೋನಿನಿಂದ ತಲೆ ಎತ್ತದೆ. ಒಳ್ಳೆಯ ಮನುಷ್ಯ. ಈರುಳ್ಳಿ ಹೆಚ್ಚಿದವರಲ್ಲ, ಅಷ್ಟೇ.

ಪಾಪ, ಈರುಳ್ಳಿಯದೇನು ತಪ್ಪು? ಅದರ ತೂಕದಲ್ಲಿ ನೂರಕ್ಕೆ ಸುಮಾರು 90 ಭಾಗ ನೀರೇ. ಆ ನೀರು ಹೋಗುವ ತನಕ ಅದರ ಬಿಸಿ 100 ಡಿಗ್ರಿ ದಾಟುವುದಿಲ್ಲ. ಚೆನ್ನಾಗಿ ಕಂದಾಗಲು 140ರ ಹತ್ತಿರ ಬೇಕು. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಹಿಡಿದರೂ ಜಾಸ್ತಿಯೇನಲ್ಲ. ತಳ ಹಿಡಿಯುತ್ತಿದ್ದರೆ ಚಮಚ ನೀರು ಹಾಕಿ ಕೆರೆಯುತ್ತಿರಬೇಕು. ಇದೆಲ್ಲ ನನಗೆ ಗೊತ್ತಿದ್ದದ್ದೇ. ಆದರೂ ನನ್ನ ಕಣ್ಣಿಗಿಂತ ಆ '5'ನ್ನೇ ನಂಬಿದೆ.

ವಾರವಿಡೀ ಮಗಳ ಕೂಗು ಕಿವಿಯಲ್ಲಿ. ನಿನ್ನೆ ಸುಮ್ನೆ ರೆಸಿಪಿಯನ್ನು ಮತ್ತೆ ತೆರೆದೆ. 'ಈರುಳ್ಳಿ 3, ತೆಳ್ಳಗೆ ಹೆಚ್ಚಿದ್ದು. ಅಣಬೆ ಕಾಲು ಕೆಜಿ, ಒರೆಸಿ ಕತ್ತರಿಸಿದ್ದು.' ಹೆಚ್ಚಿದ್ದು ಯಾರು? ಸಾಮಾನಿನ ಪಟ್ಟಿಯಲ್ಲೇ ಕಾಲು ಗಂಟೆಯ ಕೆಲಸವನ್ನು ಮಡಚಿ ಇಟ್ಟಿದ್ದಾರೆ. ಸಿಪ್ಪೆ, ಕಣ್ಣೀರು, ಕೊನೆಗೆ ತಿಕ್ಕುವ ಬಾಣಲೆ, ಯಾವುದೂ ಇಪ್ಪತ್ತು ನಿಮಿಷದ ಲೆಕ್ಕಕ್ಕಿಲ್ಲ. ಬರೆದವರ ಮೇಲೆ ಸಿಟ್ಟು ಬಂತು. ಆದರೆ ಯಾರಾದರೂ "ಎಷ್ಟು ಕಷ್ಟಪಟ್ರಿ" ಎಂದರೆ "ಅಯ್ಯೋ, ಏನಿಲ್ಲ, ಹತ್ತು ನಿಮಿಷದ ಕೆಲಸ" ಅನ್ನುವವಳು ನಾನೇ ಅಲ್ವಾ? ಅಷ್ಟು ಹೊತ್ತು ಒಲೆ ಮುಂದೆ ನಿಂತಿದ್ದೆ ಎಂದು ಒಪ್ಪಿಕೊಳ್ಳಲು ಅದೇನು ನಾಚಿಕೆಯೋ.

ಇವತ್ತು ತಂಗಿ ಫೋನ್ ಮಾಡಿದ್ದಳು. ಎರಡನೇ ಸಲ ಮಾಡಿದ ಬ್ರೆಡ್ಡಿನ ಫೋಟೋ ಅವಳಿಗೆ ಕಳಿಸಿದ್ದೆ.

"ಅಕ್ಕಾ, ಎಷ್ಟೊತ್ತು ಹಿಡಿಯುತ್ತೆ ಇದಕ್ಕೆ?"

"ಏನಿಲ್ಲ ಕಣೇ, ಒಂದಿಪ್ಪತ್ತು ನಿಮಿಷ."

ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಿದ್ದ ಮಗಳು ತಲೆ ಎತ್ತಿದಳು. "ಅಮ್ಮಾ!"