ಕ್ಯಾಸಿನೊದಲ್ಲಿ ಆಟ ಬಲ್ಲವರಿಗೆ ಯಾವುದು ಒಳ್ಳೇದು: ದಾಳವಾ, ಇಸ್ಪೀಟಾ?

ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ ನಾನು ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ಸಂಭವನೀಯತೆಯ ಪಾಠ ಶುರುವಾದ ವಾರ, ಕ್ಲಾಸ್ ಮುಗಿದ ಮೇಲೆ ಯಾರಾದರೂ ಒಬ್ಬರು ಮೇಜಿನ ಹತ್ತಿರ ಬಂದು ನಿಲ್ಲುತ್ತಾರೆ. "ಸರ್, ಕ್ಯಾಸಿನೊದಲ್ಲಿ ಆಟ ಚೆನ್ನಾಗಿ ಬಲ್ಲವರಿಗೆ ಯಾವುದು ಒಳ್ಳೇದು? ದಾಳವಾ, ಇಸ್ಪೀಟಾ?" ನಮ್ಮೂರಿಂದ ಪಣಜಿ ನಾಲ್ಕೈದು ಗಂಟೆ ದಾರಿ. ಅಲ್ಲಿ ಮಾಂಡವಿ ನದಿಯ ಮೇಲೆ ಕ್ಯಾಸಿನೊ ಹಡಗುಗಳು ನಿಂತಿವೆ. ಹೀಗಾಗಿ ಇದು ಬರೀ ಪಾಠದ ಪ್ರಶ್ನೆಯಲ್ಲ. ಮದುವೆ ಮನೆಯಲ್ಲೂ ಕೇಳಿದ್ದಾರೆ, ಬಸ್ಸಿನಲ್ಲೂ ಕೇಳಿದ್ದಾರೆ. ನಿಂತ ಕಾಲಲ್ಲಿ ಹೇಳಿದರೆ ಅರ್ಧ ಮಾತ್ರ ತಲುಪುತ್ತದೆ, ಉಳಿದರ್ಧ ಗೊತ್ತಿಲ್ಲದೆ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಚಿಕ್ಕದಾಗಿ ಹೇಳಬೇಕೆಂದರೆ, ಇಸ್ಪೀಟು. ಆದರೆ ಎಲ್ಲ ಇಸ್ಪೀಟೂ ಅಲ್ಲ, ಎಲ್ಲರಿಗೂ ಅಲ್ಲ.

ಮೊದಲು ದಾಳದ ವಿಷಯ. ನನ್ನ ಹತ್ತಿರ ಒಂದು ಕೆಂಪು ದಾಳ ಇದೆ. ಲಾಸ್ ವೇಗಸ್‌ಗೆ ಹೋಗಿದ್ದ ಗೆಳೆಯ ತಂದುಕೊಟ್ಟದ್ದು. ಆಡಿ ಮುಗಿದ ದಾಳಗಳಿಗೆ ಗುರುತು ಹಾಕಿ, ಮತ್ತೆ ಟೇಬಲ್ಲಿಗೆ ಬಾರದ ಹಾಗೆ ಮಾಡಿ ಮಾರುತ್ತಾರೆ. ಬದಿ ಮುಕ್ಕಾಲು ಇಂಚು. ಬೆಳಕಿಗೆ ಹಿಡಿದರೆ ಈ ಕಡೆಯಿಂದ ಆ ಕಡೆ ಕಾಣುತ್ತದೆ. ಒಳಗೆ ಸೀಸ ಗೀಸ ಏನೂ ತುಂಬಿಲ್ಲ ಅಂತ ಯಾರು ಬೇಕಾದರೂ ನೋಡಬಹುದು. ಮೂಲೆಗಳು ಚೂಪು. ಚುಕ್ಕೆಯ ಮೇಲೆ ಬೆರಳು ಆಡಿಸಿದರೆ ಗುಳಿ ಸಿಗುವುದಿಲ್ಲ. ಕೊರೆದ ಗುಳಿಗೆ ಅಷ್ಟೇ ತೂಕದ ಬಣ್ಣ ತುಂಬಿ ಸಮ ಮಾಡಿದ್ದಾರೆ. ನಮ್ಮ ಮನೆಯ ಲೂಡೋ ದಾಳ ಹಾಗಲ್ಲ. ಅದರಲ್ಲಿ ಆರರ ಮುಖದಿಂದ ಆರು ಗುಳಿ ಕೊರೆದಿರುತ್ತಾರೆ, ಎದುರಿನ ಒಂದರ ಮುಖದಿಂದ ಒಂದೇ. ಆರರ ಕಡೆ ಕೂದಲೆಳೆಯಷ್ಟು ಹಗುರ. ಕ್ಯಾಸಿನೊ ಅಷ್ಟು ಸಣ್ಣ ವ್ಯತ್ಯಾಸವನ್ನೂ ಬಿಟ್ಟಿಲ್ಲ.

ಇಂಥ ಎರಡು ದಾಳ ಎಸೆದರೆ 36 ರೀತಿ ಬೀಳಬಹುದು. ಅದರಲ್ಲಿ ಏಳು ಬರುವುದು ಆರು ರೀತಿ. ಹಿಂದಿನ ಸಲ ಏಳು ಬಂದಿತ್ತಾ, ಹತ್ತು ಸಲದಿಂದ ಬಂದೇ ಇಲ್ವಾ, ದಾಳಕ್ಕೆ ಅದು ಲೆಕ್ಕಕ್ಕಿಲ್ಲ. ಪ್ರತಿ ಸಲವೂ 36ಕ್ಕೆ ಆರೇ.

ಅಮೆರಿಕದ ಕ್ಯಾಸಿನೊಗಳ ದೊಡ್ಡ ದಾಳದಾಟ ಕ್ರ್ಯಾಪ್ಸ್. ಅದರ ಮುಖ್ಯ ಬಾಜಿಗೆ ಪಾಸ್ ಲೈನ್ ಅನ್ನುತ್ತಾರೆ. ಮೊದಲ ಎಸೆತದಲ್ಲಿ ಏಳು ಅಥವಾ ಹನ್ನೊಂದು ಬಂದರೆ ಗೆಲುವು. ಎರಡು, ಮೂರು, ಹನ್ನೆರಡು ಬಂದರೆ ಸೋಲು. ಬೇರೆ ಯಾವ ಸಂಖ್ಯೆ ಬಂದರೂ, ಏಳು ಬೀಳುವ ಮುಂಚೆ ಅದೇ ಸಂಖ್ಯೆ ಮತ್ತೆ ಬೀಳಬೇಕು. ಲೆಕ್ಕ ಹಾಕಿದರೆ 495 ಆಟದಲ್ಲಿ ಸರಾಸರಿ 244 ಗೆಲುವು, 251 ಸೋಲು. ಅಂದರೆ ನೂರು ರೂಪಾಯಿ ಕಟ್ಟಿದರೆ ಕ್ಯಾಸಿನೊಗೆ ಸೇರುವುದು ಒಂದು ರೂಪಾಯಿ ನಲವತ್ತೊಂದು ಪೈಸೆ. ಅದರ ಬೆನ್ನಿಗೆ ಕಟ್ಟುವ ಆಡ್ಸ್ ಅನ್ನುವ ಬಾಜಿಯಲ್ಲಿ ಕ್ಯಾಸಿನೊ ಪಾಲು ಸೊನ್ನೆ. ಅದೇ ಟೇಬಲ್ಲಿನ ಮಧ್ಯದಲ್ಲಿ, "ಮುಂದಿನ ಎಸೆತ ಏಳು" ಅಂತ ಕಟ್ಟುವ ಜಾಗವೂ ಇದೆ. ಅಲ್ಲಿ ಕಟ್ಟಿದ ನೂರರಲ್ಲಿ ಹದಿನಾರು ರೂಪಾಯಿಗೂ ಜಾಸ್ತಿ ಹೋಗುತ್ತದೆ. ದಾಳದಾಟ ಬಲ್ಲವನ ಜಾಣತನ ಇಷ್ಟೇ: ಎಲ್ಲಿ ಕಟ್ಟಬಾರದು ಅಂತ ತಿಳಿದಿರುವುದು. ಅದರಿಂದ ಸೋಲು ಕಡಿಮೆಯಾಗುತ್ತದೆ, ಗೆಲುವಾಗಿ ತಿರುಗುವುದಿಲ್ಲ.

"ಎಸೆಯುವ ಕೈಗೆ ಅಭ್ಯಾಸ ಮಾಡಿಸಬಹುದಂತೆ ಅಲ್ವಾ ಸರ್?" ಅಂತ ಇನ್ನೊಂದು ಪ್ರಶ್ನೆ ಬರುತ್ತದೆ. ಅದನ್ನು ಕಲಿಸುತ್ತೇವೆ ಅಂತ ದುಡ್ಡು ತೆಗೆದುಕೊಳ್ಳುವವರೂ ಇದ್ದಾರೆ. ಆದರೆ ದಾಳ ಟೇಬಲ್ಲಿನ ಆ ತುದಿಯ ಗೋಡೆಗೆ ಬಡಿಯಲೇಬೇಕು ಅನ್ನುವುದು ನಿಯಮ. ಆ ಗೋಡೆಯ ತುಂಬ ರಬ್ಬರಿನ ಸಣ್ಣ ಸಣ್ಣ ಮೊನೆಗಳು. ಕೈಯಲ್ಲಿ ಎಷ್ಟೇ ಹದ ಇದ್ದರೂ ಅಲ್ಲಿ ಬಡಿದ ಮೇಲೆ ಅದು ಉಳಿಯುವುದು ಕಷ್ಟ. ಸ್ಟ್ಯಾನ್‌ಫರ್ಡ್ ವಾಂಗ್ ಅನ್ನುವ ಹೆಸರಾಂತ ಆಟಗಾರರು ಇದರ ಮೇಲೆ ಬಾಜಿ ಕಟ್ಟಿ 500 ಎಸೆತದ ಪರೀಕ್ಷೆ ಮಾಡಿದ್ದರು. ಸುಮ್ನೆ ಎಸೆದರೆ ಸುಮಾರು 83 ಏಳು ಬರಬೇಕು, ಬಂದದ್ದು 74. ಬಾಜಿ ಗೆದ್ದರು. ಆದರೆ 500 ಎಸೆತದಲ್ಲಿ ಎಂಟು ಹತ್ತು ಆಚೀಚೆ ಆಗುವುದು ಮಾಮೂಲು. ನನ್ನ ವಿದ್ಯಾರ್ಥಿ ಈ ಅಂಕಿಯನ್ನು ಪುರಾವೆ ಅಂತ ತಂದರೆ ನಾನು ಒಪ್ಪುವುದಿಲ್ಲ. ಇನ್ನೊಂದು ಸಂಗತಿ ಕೇಳಿ. 2009ರ ಮೇ ತಿಂಗಳಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಒಬ್ಬ ಅಜ್ಜಿ ತಮ್ಮ ಸರದಿ ಕಳೆದುಕೊಳ್ಳದೆ ಸಾಲಾಗಿ 154 ಸಲ ದಾಳ ಎಸೆದರು. ನಾಲ್ಕು ಗಂಟೆಗೂ ಜಾಸ್ತಿ ಹೊತ್ತು ದಾಳ ಅವರ ಕೈಯಲ್ಲೇ ಇತ್ತು. ಅವರು ಕ್ರ್ಯಾಪ್ಸ್ ಆಡಿದ್ದು ಅದು ಎರಡನೇ ಸಲವಂತೆ.

ಹಾಗಂತ ದಾಳದಾಟವೆಲ್ಲ ಬರೀ ಅದೃಷ್ಟ ಅಂತ ನಾನು ಹೇಳುತ್ತಿಲ್ಲ. ನಮ್ಮ ಅಜ್ಜಿ ಚೌಕಾಬಾರದಲ್ಲಿ ಯಾರಿಗೂ ಸೋಲುತ್ತಿರಲಿಲ್ಲ. ಕವಡೆ ಎಲ್ಲರಿಗೂ ಒಂದೇ ಥರ ಬೀಳುತ್ತಿತ್ತು. ಬಿದ್ದ ಮೇಲೆ ಯಾವ ಕಾಯಿ ನಡೆಸಬೇಕು, ಯಾವುದನ್ನು ಕಟ್ಟೆಯಲ್ಲಿ ಕೂರಿಸಬೇಕು, ಯಾರ ಕಾಯಿ ಹೊಡೆಯಬೇಕು ಅನ್ನುವುದರಲ್ಲಿ ಅಜ್ಜಿ ನಮ್ಮೆಲ್ಲರಿಗಿಂತ ಮುಂದೆ. ಪಗಡೆಯಲ್ಲೂ ಹಾಗೇ. ದಾಳ ಬಿದ್ದ ಮೇಲೆ ಯೋಚನೆ ಮಾಡುವ ಅವಕಾಶ ಇದೆ. ಕ್ರ್ಯಾಪ್ಸ್‌ನಲ್ಲಿ ಬಿದ್ದದ್ದೇ ತೀರ್ಪು.

ಈಗ ಇಸ್ಪೀಟು. ಇಲ್ಲಿ ಕಥೆಯೇ ಬೇರೆ. ಕಟ್ಟಿನಲ್ಲಿ ನಾಲ್ಕೇ ಎಕ್ಕ. ಎರಡು ಬಿದ್ದು ಹೋದರೆ ಉಳಿದದ್ದು ಎರಡೇ. ಮತ್ತೆ ಕಲಸುವ ತನಕ ಅವು ವಾಪಸ್ ಬರುವುದಿಲ್ಲ. ಅಂದರೆ ಆಗಿ ಹೋದದ್ದಕ್ಕೂ ಮುಂದೆ ಆಗುವುದಕ್ಕೂ ಸಂಬಂಧ ಇದೆ. ದಾಳದಲ್ಲಿ ಇಲ್ಲದ್ದು ಇದೇ.

ಈ ಸಂಬಂಧ ಕೆಲಸಕ್ಕೆ ಬರುವುದು ಬ್ಲ್ಯಾಕ್‌ಜಾಕ್‌ನಲ್ಲಿ. ಎಲೆಗಳ ಅಂಕಿ ಕೂಡಿಸುತ್ತ 21ರ ಹತ್ತಿರ ಹೋಗಬೇಕು, ದಾಟಬಾರದು. ನಿಮ್ಮ ಎದುರಾಳಿ ಕ್ಯಾಸಿನೊ ಪರವಾಗಿ ಎಲೆ ಹಂಚುವ ಡೀಲರ್. ಡೀಲರ್‌ಗೆ ಸ್ವಂತ ತೀರ್ಮಾನ ಇಲ್ಲ. 16 ಅಥವಾ ಕಡಿಮೆ ಇದ್ದರೆ ಅವನು ಎಲೆ ಎಳೆಯಲೇಬೇಕು. ನಿಮಗೆ ಮಾತ್ರ ಯೋಚಿಸುವ ಹಕ್ಕಿದೆ. ಯಾವ ಕೈಗೆ ಏನು ಮಾಡಿದರೆ ಒಳ್ಳೇದು ಅಂತ 1956ರಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ನಾಲ್ಕು ಯುವಕರು ಕೈಯಲ್ಲಿ ಒತ್ತುವ ಲೆಕ್ಕದ ಯಂತ್ರ ಇಟ್ಟುಕೊಂಡು ಕಂಡುಹಿಡಿದು ಪ್ರಕಟಿಸಿದರು. ನಿಯಮ ಚೆನ್ನಾಗಿರುವ ಟೇಬಲ್ಲಿನಲ್ಲಿ ಆ ಪಟ್ಟಿಯಂತೆ ಆಡಿದರೆ ಕ್ಯಾಸಿನೊ ಪಾಲು ನೂರಕ್ಕೆ ಅರ್ಧ ರೂಪಾಯಿಗೆ ಇಳಿಯುತ್ತದೆ. ಆಮೇಲೆ ಎಡ್ವರ್ಡ್ ಥಾರ್ಪ್ ಅನ್ನುವ ಗಣಿತದ ಮೇಷ್ಟ್ರು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಐಬಿಎಂ 704 ಕಂಪ್ಯೂಟರಿನಲ್ಲಿ ಇನ್ನೂ ಮುಂದಿನ ಲೆಕ್ಕ ಹಾಕಿದರು. ಯಾವ ಎಲೆ ಹೋದರೆ ಯಾರಿಗೆ ಲಾಭ? ಒಂದೇ ಕಟ್ಟಿನ ಆಟದಲ್ಲಿ ನಾಲ್ಕೂ ಐದುಗಳು ಬಿದ್ದುಹೋದರೆ ಆಟಗಾರನಿಗೆ ಶೇ 3ಕ್ಕೂ ಜಾಸ್ತಿ ಅನುಕೂಲ ಅಂತ ಗೊತ್ತಾಯಿತು. 1962ರಲ್ಲಿ ಅದನ್ನು ಪುಸ್ತಕವಾಗಿ ಬರೆದು ಎಲ್ಲರಿಗೂ ಹೇಳಿಬಿಟ್ಟರು.

ಎಣಿಸುವುದು ಹೇಗೆ ಅಂತ ತೋರಿಸುತ್ತೇನೆ. ಎರಡರಿಂದ ಆರರ ತನಕದ ಎಲೆ ಬಿದ್ದರೆ ಒಂದು ಕೂಡಿಸಿ. ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಬಿದ್ದರೆ ಒಂದು ಕಳೆಯಿರಿ. ಏಳು, ಎಂಟು, ಒಂಬತ್ತಕ್ಕೆ ಏನೂ ಇಲ್ಲ. ಐದು, ಮೂರು, ಆರು, ರಾಜ, ಎರಡು ಬಿದ್ದವು ಅನ್ನಿ. ಮೂರು ಕೂಡಿ, ಒಂದು ಕಳೆದು, ಒಂದು ಕೂಡಿ, ಈಗ ಲೆಕ್ಕ ಮೂರು. ಅಂದರೆ ಸಣ್ಣ ಎಲೆ ಜಾಸ್ತಿ ಹೋಗಿವೆ, ಉಳಿದ ಕಟ್ಟಿನಲ್ಲಿ ದೊಡ್ಡ ಎಲೆ ದಟ್ಟವಾಗಿವೆ. ಎಳೆಯಲೇಬೇಕಾದ ಡೀಲರ್ ಆಗ 21 ದಾಟುವುದು ಜಾಸ್ತಿ. ಆ ಹೊತ್ತಿನಲ್ಲಿ ದೊಡ್ಡದಾಗಿ ಕಟ್ಟಬೇಕು, ಉಳಿದ ಹೊತ್ತು ಚಿಕ್ಕದಾಗಿ.

ಇದನ್ನು ಹೇಳುವಾಗ ನನಗೆ ನಳನ ಕಥೆ ನೆನಪಾಗುತ್ತದೆ. ಋತುಪರ್ಣ ರಾಜ ರಥದಿಂದಲೇ ಒಂದು ತಾರೆ ಮರ ನೋಡಿ ಎಲೆ ಎಷ್ಟು, ಕಾಯಿ ಎಷ್ಟು ಅಂತ ಹೇಳುತ್ತಾನೆ. ನಳ ಇಳಿದು ಎಣಿಸುತ್ತಾನೆ, ಸರಿಯಾಗಿರುತ್ತದೆ. ಆಮೇಲೆ ಅವನಿಂದ ಅಕ್ಷಹೃದಯ, ಅಂದರೆ ಜೂಜಿನ ಗುಟ್ಟಿನ ವಿದ್ಯೆ, ಕಲಿಯುತ್ತಾನೆ. ಆ ಕಾಲದ ಜೂಜಿಗೆ ಬಳಸುತ್ತಿದ್ದದ್ದೂ ಅದೇ ತಾರೆಕಾಯಿ, ನಮ್ಮ ತ್ರಿಫಲದಲ್ಲಿ ಹಾಕುವುದು. ಜೂಜು ಗೆಲ್ಲುವ ವಿದ್ಯೆ ಎಣಿಸುವ ವಿದ್ಯೆ ಅಂತ ನಮ್ಮವರಿಗೆ ಆಗಲೇ ಗೊತ್ತಿತ್ತು.

ಆದರೆ ಇಸ್ಪೀಟು ಅಂದ ತಕ್ಷಣ ಜಾಣತನ ಅಂದುಕೊಳ್ಳಬೇಡಿ. ಇಲ್ಲೇ ನಮ್ಮ ಹುಡುಗರು ಎಡವುವುದು. ಗೋವಾದಲ್ಲಿ ಜನ ಮುತ್ತಿಕೊಳ್ಳುವ ಅಂದರ್ ಬಾಹರ್ ತೆಗೆದುಕೊಳ್ಳಿ. ನಮ್ಮ ಜಾತ್ರೆಗಳಲ್ಲೂ ನೋಡಿರುತ್ತೀರಿ. ಮೊದಲು ಎಲೆ ಬೀಳುವ ಕಡೆ ಗೆಲ್ಲುವ ಸಾಧ್ಯತೆ ಶೇ 51.5. ಅದಕ್ಕೇ ಎಷ್ಟೋ ಕಡೆ ಆ ಬದಿ ಗೆದ್ದರೆ ನೂರಕ್ಕೆ ತೊಂಬತ್ತೇ ಕೊಡುತ್ತಾರೆ. ಆಗ ಕ್ಯಾಸಿನೊ ಪಾಲು ಶೇ 2ಕ್ಕೂ ಜಾಸ್ತಿ. ಪ್ರತಿ ಆಟಕ್ಕೂ ಹೊಸದಾಗಿ ಕಲಸುತ್ತಾರೆ, ನೀವು ತೀರ್ಮಾನ ಮಾಡುವುದು ಏನೂ ಇಲ್ಲ. ಹೆಸರಿಗೆ ಇಸ್ಪೀಟು, ಕ್ರ್ಯಾಪ್ಸ್‌ನ ಪಾಸ್ ಲೈನಿಗಿಂತಲೂ ದುಬಾರಿ.

ಬ್ಲ್ಯಾಕ್‌ಜಾಕ್‌ನಲ್ಲೂ ಬೋರ್ಡ್ ಓದಿ ಕೂರಬೇಕು. ಮೊದಲ ಎರಡೇ ಎಲೆಗೆ 21 ಬಂದರೆ ಎರಡಕ್ಕೆ ಮೂರು ಕೊಡುವುದು ಹಳೇ ಪದ್ಧತಿ. ಈಗ ಎಷ್ಟೋ ಟೇಬಲ್ಲಿನಲ್ಲಿ ಐದಕ್ಕೆ ಆರು ಮಾತ್ರ. ಅಷ್ಟರಿಂದಲೇ ಕ್ಯಾಸಿನೊ ಪಾಲು ಸುಮಾರು ಶೇ 1.4 ಏರುತ್ತದೆ. ಬಿದ್ದ ಎಲೆಗಳನ್ನು ಆಗಿಂದಾಗ ಒಳಗೆ ಸೇರಿಸಿ ಕಲಸುವ ಯಂತ್ರ ಇದ್ದರೆ ಎಣಿಕೆಗೆ ಬೆಲೆಯೇ ಇಲ್ಲ. ಎಣಿಸುವುದು ಅಪರಾಧವಲ್ಲ, ಆದರೂ ಲಾಸ್ ವೇಗಸ್ ಇರುವ ನೆವಾಡಾ ರಾಜ್ಯದಲ್ಲಿ ಕ್ಯಾಸಿನೊದವರು ಅಂಥವರನ್ನು ಎಬ್ಬಿಸಿ ಕಳಿಸಬಹುದು. ನ್ಯೂಜೆರ್ಸಿಯಲ್ಲಿ ಹಾಗೆ ಹೊರಹಾಕುವಂತಿಲ್ಲ ಅಂತ 1982ರಲ್ಲಿ ಕೆನ್ ಉಸ್ಟನ್ ಅನ್ನುವ ಆಟಗಾರರ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು.

ಪೋಕರ್, ರಮ್ಮಿ ಬೇರೆ ಜಾತಿ. ಅಲ್ಲಿ ಎದುರಾಳಿ ಪಕ್ಕದಲ್ಲಿ ಕೂತವನು, ಕ್ಯಾಸಿನೊ ಕಮಿಷನ್ ಮಾತ್ರ ಮುರಿದುಕೊಳ್ಳುತ್ತದೆ. ಜಾಣತನಕ್ಕೆ ಎಲ್ಲಕ್ಕಿಂತ ಜಾಸ್ತಿ ಜಾಗ ಇರುವುದು ಅಲ್ಲೇ. ರಮ್ಮಿಯಲ್ಲಿ ಜಾಣ್ಮೆಯದೇ ಮೇಲುಗೈ, ಮೂರೆಲೆ ಆಟ ಅದೃಷ್ಟದ್ದು ಅಂತ ನಮ್ಮ ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ. ಮೊಬೈಲಿನಲ್ಲಿ ಆಡುತ್ತೇನೆ ಅನ್ನುವವರಿಗೆ ಒಂದು ಮಾತು: 2025ರ ಕೇಂದ್ರದ ಕಾನೂನು ದುಡ್ಡು ಕಟ್ಟುವ ಆನ್‌ಲೈನ್ ಆಟಗಳನ್ನು ಜಾಣ್ಮೆ, ಅದೃಷ್ಟ ಅಂತ ಭೇದ ಮಾಡದೆ ನಿಷೇಧಿಸಿದೆ.

ಇಷ್ಟು ಕೇಳಿಯೂ "ನಾನು ಎಣಿಸಬಲ್ಲೆ ಸರ್" ಅನ್ನುವವರಿಗೆ ನಾನು ಒಂದು ಕಟ್ಟು ಕೊಡುತ್ತೇನೆ. ಒಂದು ಎಲೆ ನೋಡದೆ ತೆಗೆದು ಪಕ್ಕಕ್ಕಿಡಬೇಕು. ಉಳಿದ 51 ಎಲೆಗಳನ್ನು ಒಂದೊಂದೇ ತಿರುಗಿಸುತ್ತ ಎಣಿಸಬೇಕು. ಕೊನೆಗೆ ಲೆಕ್ಕ ಒಂದು ಬಂದರೆ ಪಕ್ಕದ್ದು ದೊಡ್ಡ ಎಲೆ, ಮೈನಸ್ ಒಂದು ಬಂದರೆ ಸಣ್ಣದು, ಸೊನ್ನೆ ಬಂದರೆ ಏಳು ಎಂಟು ಒಂಬತ್ತರಲ್ಲಿ ಒಂದು. ಅರ್ಧ ನಿಮಿಷದಲ್ಲಿ ಮುಗಿಯಬೇಕು, ಪಕ್ಕದಲ್ಲಿ ಯಾರೋ ಮಾತಾಡಿಸುತ್ತಿರಬೇಕು. ಹೆಚ್ಚಿನವರು ಇಪ್ಪತ್ತನೇ ಎಲೆಗೇ ತಪ್ಪುತ್ತಾರೆ.

ಹೋದ ವರ್ಷ ಕೊನೆ ವರ್ಷದ ಬಿಎಸ್ಸಿ ಹುಡುಗಿಯೊಬ್ಬಳು ಒಂದು ತಿಂಗಳು ಅಭ್ಯಾಸ ಮಾಡಿ ಬಂದು, 28 ಸೆಕೆಂಡಿನಲ್ಲಿ ಮುಗಿಸಿ "ದೊಡ್ಡ ಎಲೆ ಸರ್" ಅಂದಳು. ತಿರುಗಿಸಿದರೆ ಇಸ್ಪೀಟು ರಾಣಿ. ನನಗೆ ತುಂಬಾ ಖುಷಿಯಾಯಿತು. ಇಬ್ಬರೂ ಕೂತು ಮುಂದಿನ ಲೆಕ್ಕ ಹಾಕಿದೆವು. ಒಳ್ಳೇ ಟೇಬಲ್ ಸಿಕ್ಕಿತು, ಯಾರೂ ಎಬ್ಬಿಸಲಿಲ್ಲ, ಅನುಕೂಲ ಸರಾಸರಿ ಶೇ 1 ಅಂತಲೇ ಇಟ್ಟುಕೊಂಡೆವು. ಗಂಟೆಗೆ 60 ಕೈ, ಕೈಗೆ ಸಾವಿರ ರೂಪಾಯಿ. ಗಂಟೆಗೆ ಸರಾಸರಿ ಆರುನೂರು ಲಾಭ. ಅದೇ ಗಂಟೆಯಲ್ಲಿ ಒಂಬತ್ತು ಸಾವಿರ ಮೇಲೆ ಹೋಗುವುದು, ಒಂಬತ್ತು ಸಾವಿರ ಕೆಳಗೆ ಬರುವುದು ಮಾಮೂಲು. ಅವಳು ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡು, ಆರುನೂರನ್ನು ಬಿಟ್ಟು, ಒಂಬತ್ತು ಸಾವಿರದ ಸುತ್ತ ಪೆನ್ಸಿಲಿನಲ್ಲಿ ಗುಂಡಗೆ ಗೆರೆ ಎಳೆದಳು. "ಇದು ಎಲ್ಲಿಂದ ಬಂತು ಅಂತ ಇನ್ನೊಂದು ಸಲ ಹೇಳಿ ಸರ್" ಅಂದಳು.